ನುಸಿಗುಳಿಗೆಯಿಂದ ಹಿಮರೇಖೆಗೆ: ನನ್ನ ಅನುಭವ

ಹಾಸನದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮಕ್ಕಳಿಂದ ಒಂದು ಪ್ರಯೋಗ ಮಾಡಿಸುತ್ತೇನೆ. ಪಿಂಗಾಣಿ ಬಟ್ಟಲಿಗೆ ನುಸಿಗುಳಿಗೆ ಪುಡಿ ಹಾಕಿ, ಮೇಲೆ ಗಾಜಿನ ಫನಲ್ ಬೋರಲು ಹಾಕಿ, ಕೆಳಗೆ ಸಣ್ಣ ಉರಿ ಇಡುವುದು. ಆವಿ ಮೇಲೇರುತ್ತದೆ. ಫನಲ್ಲಿನ ಬುಡದ ಗಾಜು ಬಿಸಿ, ಅಲ್ಲಿ ಏನೂ ನಿಲ್ಲುವುದಿಲ್ಲ. ಸ್ವಲ್ಪ ಮೇಲೆ, ಗಾಜು ತಣ್ಣಗಿರುವ ಕಡೆ, ಬಿಳಿ ಹರಳು ಅಂಟಿಕೊಳ್ಳುತ್ತದೆ. ಎರಡರ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ.

ಹೊಸದಾಗಿ ಹುಟ್ಟಿದ ನಕ್ಷತ್ರದ ಸುತ್ತಲೂ ಇಂಥದ್ದೇ ಗೆರೆಗಳಿವೆ. ಅನಿಲ, ಧೂಳು ತಟ್ಟೆಯ ಹಾಗೆ ಸುತ್ತುತ್ತಿರುತ್ತವೆ. ನಕ್ಷತ್ರದ ಹತ್ತಿರ ನೀರು ಆವಿ, ದೂರ ಹೋದರೆ ಧೂಳಿನ ಮೇಲೆ ಮಂಜುಗಡ್ಡೆ. ಇನ್ನೂ ದೂರದಲ್ಲಿ, ಮೈನಸ್ 250 ಡಿಗ್ರಿಯ ಆಸುಪಾಸಿನಲ್ಲಿ, ಕಾರ್ಬನ್ ಮಾನಾಕ್ಸೈಡ್ ಕೂಡ ಗಟ್ಟಿಯಾಗುತ್ತದೆ. ಇವೇ ಹಿಮರೇಖೆಗಳು. ಗ್ರಹ ಯಾವ ಗೆರೆಯ ಯಾವ ಬದಿಯಲ್ಲಿ ಹುಟ್ಟುತ್ತದೋ, ಅದರ ಮೇಲೆ ಅದರ ಪಾಲಿಗೆ ಏನು ಸಿಗುತ್ತದೆ ಅನ್ನುವುದು ನಿಂತಿದೆ. ನೀರಿನ ಗೆರೆಯ ಆಚೆ ಆಕ್ಸಿಜನ್ನಿನ ದೊಡ್ಡ ಪಾಲು ಮಂಜುಗಡ್ಡೆಯೊಳಗೆ ಸೇರಿಹೋಗುತ್ತದೆ. ಉಳಿದ ಅನಿಲದಲ್ಲಿ ಆಕ್ಸಿಜನ್ನಿಗೆ ಹೋಲಿಸಿದರೆ ಕಾರ್ಬನ್ ಜಾಸ್ತಿ.

ಇದನ್ನು ಓದಿ ಹೇಳುವುದು ಬೇರೆ. ನನಗೆ ಆ ಗೆರೆಯನ್ನು ನಾನೇ ನೋಡಬೇಕಿತ್ತು.

ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, 5,000 ಮೀಟರ್ ಎತ್ತರದಲ್ಲಿ, ಆಲ್ಮಾ ಎಂಬ ದೂರದರ್ಶಕವಿದೆ. ಒಟ್ಟು 66 ಆಂಟೆನಾ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವ ಊರಿನವರು ನಾವು, ದೊಡ್ಡ ಡಿಶ್ ನಮಗೆ ಹೊಸದಲ್ಲ. ಆದರೆ ಎಂಸಿಎಫ್ ಮಾತಾಡುವುದು 36,000 ಕಿ.ಮೀ. ಎತ್ತರದ ಉಪಗ್ರಹಗಳ ಜೊತೆ. ಆಲ್ಮಾ ಹಿಡಿಯುವುದು ತಣ್ಣನೆಯ ಧೂಳು, ಅಣುಗಳಿಂದ ಬರುವ ಅಲೆಗಳನ್ನು. ಅದರ ಹಳೆಯ ಡೇಟಾವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಆ ಡೇಟಾದಿಂದ ಚಿತ್ರ ಮಾಡುವ ಕಾಸಾ ಅನ್ನುವ ಸಾಫ್ಟ್‌ವೇರ್ ಕೂಡ ಉಚಿತ.

ಟಿಡಬ್ಲ್ಯೂ ಹೈಡ್ರೇ ಎಂಬ ನಕ್ಷತ್ರವನ್ನು ಆರಿಸಿಕೊಂಡೆ. ಸುಮಾರು 190 ಜ್ಯೋತಿರ್ವರ್ಷ ದೂರ, ಅಂದರೆ ಹತ್ತಿರವೇ. ಅದರ ತಟ್ಟೆ ನಮ್ಮ ಕಡೆ ಮುಖ ಮಾಡಿದೆ. ರಾತ್ರಿ ಊಟ ಮುಗಿಸಿ ಡೌನ್‌ಲೋಡ್‌ಗೆ ಹಾಕಿ ಮಲಗುತ್ತಿದ್ದೆ. ಕರೆಂಟ್ ಹೋದರೆ ಬೆಳಿಗ್ಗೆ ಮತ್ತೆ ಶುರು.

ಮೊದಲ ಚಿತ್ರದಲ್ಲಿ ಅನಿಲದ ನಟ್ಟನಡುವೆ ಕಪ್ಪಗೆ ಖಾಲಿ ಜಾಗ ಕಂಡಿತು. ಎರಡು ವಾರ ಅದನ್ನೇ ನಿಜ ಅಂದುಕೊಂಡಿದ್ದೆ. ಧೂಳಿನ ಬೆಳಕು ಎಲ್ಲ ತರಂಗಗಳಲ್ಲೂ ಹರಡಿರುತ್ತದೆ, ಅಣುವಿನದು ಕೆಲವೇ ತರಂಗಗಳಲ್ಲಿ ಕಾಣುವ ಒಂದು ಕಿರಿದಾದ ಗೆರೆ (ಇದು ಹಿಮರೇಖೆಯಲ್ಲ, ಸ್ಪೆಕ್ಟ್ರಮ್ಮಿನ ಗೆರೆ). ಧೂಳಿನದನ್ನು ಅಳೆದು ಕಳೆದರೆ ಅನಿಲ ಮಾತ್ರ ಉಳಿಯುತ್ತದೆ. ಆ ಅಳತೆಯೊಳಗೆ ನಾನು ಅಣುವಿನ ಗೆರೆಯನ್ನೂ ಸೇರಿಸಿಬಿಟ್ಟಿದ್ದೆ. ಹಾಗಾಗಿ ಕಳೆಯಬೇಕಾದ್ದಕ್ಕಿಂತ ಜಾಸ್ತಿ ಕಳೆದಿದ್ದೆ. ಹೊಸಬರು ಚಿತ್ರ ಮಾಡುವ ಮುಂಚೆ ಸ್ಪೆಕ್ಟ್ರಮ್, ಅಂದರೆ ಯಾವ ತರಂಗದಲ್ಲಿ ಎಷ್ಟು ಬೆಳಕು ಅನ್ನುವ ನಕ್ಷೆ, ಬಿಡಿಸಿ, ಅಣುವಿನ ಗೆರೆ ಎಲ್ಲಿಂದ ಎಲ್ಲಿಯವರೆಗಿದೆ ಅಂತ ನೋಡಲೇಬೇಕು.

ಹೆಪ್ಪುಗಟ್ಟಿದ ಕಾರ್ಬನ್ ಮಾನಾಕ್ಸೈಡ್ ಈ ಅಲೆಗಳಲ್ಲಿ ಕಾಣುವುದಿಲ್ಲ. ಅದಕ್ಕೊಂದು ಚೆಂದದ ಉಪಾಯವಿದೆ. ಎರಡು ನೈಟ್ರೋಜನ್ ಪರಮಾಣುಗಳಿಗೆ ಒಂದು ಪ್ರೋಟಾನ್ ಅಂಟಿದ ಡಯಾಜೆನೈಲಿಯಂ ಎಂಬ ಅಯಾನು ಇದೆ. ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅನಿಲ ಇದ್ದರೆ ಅದು ಆ ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ. ನಾವು ಕ್ಲಾಸಿನಲ್ಲಿ ದಿನಾ ಹೇಳುವ ಪ್ರೋಟಾನ್ ವರ್ಗಾವಣೆಯೇ, ಅಲ್ವಾ? ಕಾರ್ಬನ್ ಮಾನಾಕ್ಸೈಡ್ ಹೆಪ್ಪುಗಟ್ಟಿದ ಕಡೆ ಮಾತ್ರ ಈ ಅಯಾನು ಬದುಕುತ್ತದೆ. 2013ರಲ್ಲಿ ಇದೇ ನಕ್ಷತ್ರದ ಸುತ್ತ ಖಗೋಳ ವಿಜ್ಞಾನಿಗಳು ಈ ಉಪಾಯದಿಂದಲೇ ಹಿಮರೇಖೆ ಗುರುತಿಸಿದ್ದರು. ಅದೇ ಡೇಟಾವನ್ನು ನಾನೂ ಸಂಸ್ಕರಿಸಿದೆ. ಉಂಗುರ ಮೂಡಿತು! ನಡುವೆ ಖಾಲಿ, ಸುತ್ತ ಬೆಳಕು. ಒಳಗಿನ ಅಂಚು, ನೆಪ್ಚೂನ್ ನಮ್ಮ ಸೂರ್ಯನಿಂದ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಈ ಸಲ ಸ್ಪೆಕ್ಟ್ರಮ್ಮನ್ನು ಮೂರು ಸಲ ನೋಡಿದ್ದೆ. ಖಾಲಿ ನಿಜವಾಗಿಯೂ ಖಾಲಿಯೇ.

ಮರುದಿನ ಲ್ಯಾಬಿನಲ್ಲಿ ಚಿತ್ರವನ್ನು ಫನಲ್ಲಿನ ಪಕ್ಕ ಇಟ್ಟೆ. ಆಲೂರಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಉರಿ ಜಾಸ್ತಿಯಾದರೆ ಗೆರೆ ಮೇಲಕ್ಕೆ ಹೋಗುತ್ತಾ?"

"ಚೂರೇ ಚೂರು ಜಾಸ್ತಿ ಮಾಡಿ ನೋಡಮ್ಮ" ಅಂದೆ. ಬುಡದ ಹರಳುಗಳು ಒಂದೊಂದಾಗಿ ಮಾಯವಾದವು. ಗೆರೆ ಒಂದು ಬೆರಳಿನಷ್ಟು ಮೇಲೆ ಸರಿಯಿತು.

ಆಕಾಶದಲ್ಲೂ ಹೀಗಾಗಿದೆ. ವಿ883 ಓರಿಯೋನಿಸ್ ಎಂಬ ಎಳೆಯ ನಕ್ಷತ್ರ ಇದ್ದಕ್ಕಿದ್ದ ಹಾಗೆ ಪ್ರಖರವಾಗಿ, ಅದರ ನೀರಿನ ಹಿಮರೇಖೆ ಭೂಮಿ–ಸೂರ್ಯರ ದೂರದ ಸುಮಾರು 40 ಪಟ್ಟು ಆಚೆಗೆ ಸರಿದಿದೆ ಅಂತ 2016ರಲ್ಲಿ ಆಲ್ಮಾದಿಂದ ನೋಡಿದವರು ಲೆಕ್ಕ ಹಾಕಿದರು. ಆ ಡೇಟಾ ಈಗ ನನ್ನ ಲ್ಯಾಪ್‌ಟಾಪಿಗೆ ಇಳಿಯುತ್ತಿದೆ. ಈ ಸಲ ಸ್ಪೆಕ್ಟ್ರಮ್ ಬಿಡಿಸುವ ಕೆಲಸ ಆ ಹುಡುಗಿಯದು.