ಮೊದಲು ಕಿವಿ, ಆಮೇಲೆ ಮೈಕು

"ಚಿಕ್ಕಮ್ಮಾ, ಇದನ್ನೆಲ್ಲ ಫೋನಲ್ಲೇ ಮಾಡ್ಬೋದಲ್ವಾ?"

ಅಕ್ಕನ ಮಗ ಹೀಗೆ ಕೇಳಿದಾಗ ಅವನಿಗೆ 14 ವರ್ಷ. ನನಗೆ ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದು ಸ್ವಂತ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವ ಹವ್ಯಾಸ) ಹುಚ್ಚು ಹತ್ತಿ ಆಗಲೇ 20 ವರ್ಷ ದಾಟಿತ್ತು. ಅವತ್ತು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲೋ ದೂರದಲ್ಲಿರುವ ಒಬ್ಬರ ಜೊತೆ ಹವಾಮಾನ, ಆಂಟೆನಾ, ಬೆನ್ನುನೋವು ಎಲ್ಲ ಮಾತಾಡಿದ್ದೆ. "ನೋಡಿದ್ಯೇನೋ?" ಅಂತ ಹೆಮ್ಮೆಯಿಂದ ತಿರುಗಿದರೆ ಆಕಳಿಸುತ್ತಿದ್ದ. ನಾನು ನಮ್ಮವರೆಲ್ಲ ಕೊಡುವ ಉತ್ತರವನ್ನೇ ಕೊಟ್ಟೆ: ಪ್ರವಾಹ ಬಂದು ಟವರ್ ಬಿದ್ದರೆ ಫೋನ್ ಸತ್ತುಹೋಗುತ್ತೆ, ರೇಡಿಯೊ ಬದುಕಿರುತ್ತೆ. ಮಾತು ನಿಜ. ಆದರೆ ಎಂದೋ ಬರಬಹುದಾದ ಪ್ರವಾಹಕ್ಕಾಗಿ ಇವತ್ತಿನ ಆಟ ಬಿಟ್ಟು ಬರುವ ಹುಡುಗ ಎಲ್ಲಿದ್ದಾನೆ?

ಯೋಚಿಸಿದರೆ, ತಪ್ಪು ನನ್ನದೇ. ದೂರದವರ ಜೊತೆ ಮಾತಾಡುವುದು ಈಗಿನ ಮಕ್ಕಳಿಗೆ ಯಾವ ಹೊಸತು? ಗಾಳಿಯಲ್ಲಿ ಹೋಗುತ್ತಿರುವುದನ್ನು ತಾನೇ ಮಾಡಿದ ಒಂದು ತುಂಡು ತಗಡಿನಲ್ಲಿ ಹಿಡಿಯುವುದು ಹೊಸತು. ಅದಕ್ಕೇ ನಾನೀಗ ಯಾರಿಗೂ ಮೈಕು ಕೊಟ್ಟು ಶುರು ಮಾಡುವುದಿಲ್ಲ. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೂ, ಅವರನ್ನು ಕರೆತರಲು ಒದ್ದಾಡುವ ನನ್ನಂಥ ದೊಡ್ಡವರಿಗೂ ನನಗೆ ಫಲ ಕೊಟ್ಟ ದಾರಿ ಇದು.

ಮೊದಲ ವಾರ ಏನೂ ಕೊಳ್ಳಬೇಡಿ

ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದು ರಿಸೀವರ್ ಇದೆ. ಜಗತ್ತಿನ ಯಾರು ಬೇಕಾದರೂ ಅದನ್ನು ಬ್ರೌಸರಿನಲ್ಲಿ ಕೂತು ತಿರುಗಿಸಬಹುದು. ಒಂದೇ ಹೊತ್ತಿಗೆ ನೂರಾರು ಜನ ಒಬ್ಬೊಬ್ಬರು ಒಂದೊಂದು ಫ್ರೀಕ್ವೆನ್ಸಿ ಕೇಳಬಹುದು. 'ವೆಬ್‌ಎಸ್‌ಡಿಆರ್ ಟ್ವೆಂಟೆ' ಅಂತ ಹುಡುಕಿ, ಹೆಡ್‌ಫೋನ್ ಹಾಕಿಕೊಳ್ಳಿ. ಪರದೆಯ ಮೇಲೆ ನೀರು ಇಳಿದಂತೆ ಒಂದು ಚಿತ್ರ ಇಳಿಯುತ್ತಿರುತ್ತದೆ. ಅದರಲ್ಲಿರುವ ಒಂದೊಂದು ಬೆಳಕಿನ ಗೆರೆಯೂ ಯಾರದೋ ಸಿಗ್ನಲ್.

ಅಲ್ಲಿ ಹಗಲಾಗಿದ್ದರೆ 14 ಮೆಗಾಹರ್ಟ್ಸ್ ಸುತ್ತ ಹೋಗಿ, 'ಯುಎಸ್‌ಬಿ' ಒತ್ತಿ. ಕತ್ತಲಾಗಿದ್ದರೆ 7 ಮೆಗಾಹರ್ಟ್ಸ್, 'ಎಲ್‌ಎಸ್‌ಬಿ'. ಇವೆರಡೂ ದನಿ ಕಳಿಸುವ ಬಗೆಗಳು. ಮೊದಲು ಕೇಳುವುದು ಬಾತುಕೋಳಿ ಜಗಳ ಆಡಿದಂಥ ಸದ್ದು. ಬಿಟ್ಟು ಓಡಬೇಡಿ. ಮೌಸ್ ಅನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಹೋದರೆ, ಒಂದು ಕಡೆ ಆ ಬಾತುಕೋಳಿ ತಟ್ಟನೆ ಮನುಷ್ಯನಾಗಿಬಿಡುತ್ತದೆ. ಆ ಕ್ಷಣ ಎದುರಿಗಿರುವ ಮಗುವಿನ ಮುಖ ನೋಡಬೇಕು.

ಮೂರು ದಿನ ಒಂದು ಮನೆಗೆಲಸ ಕೊಡುತ್ತೇನೆ: 7 ಮೆಗಾಹರ್ಟ್ಸ್ ಬ್ಯಾಂಡನ್ನು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಕೇಳಿ (ಗಡಿಯಾರ ರಿಸೀವರ್ ಇರುವ ಜಾಗದ್ದು, ನಿಮ್ಮದಲ್ಲ). ಕೇಳಿದ ಕಾಲ್‌ಸೈನ್ (ಪ್ರತಿ ಹ್ಯಾಮ್‌ಗೂ ಲೈಸೆನ್ಸ್ ಜೊತೆ ಸಿಗುವ ಗುರುತಿನ ಅಕ್ಷರಗಳು) ಬರೆದುಕೊಳ್ಳಿ. ಅದರ ಮೊದಲ ಅಕ್ಷರಗಳೇ ದೇಶ ಹೇಳುತ್ತವೆ. ಜೆಎ ಜಪಾನ್, ಡಿಎಲ್ ಜರ್ಮನಿ, ವಿಯು ಭಾರತ. ಮಧ್ಯಾಹ್ನ ಅಕ್ಕಪಕ್ಕದವರೇ ಜಾಸ್ತಿ, ರಾತ್ರಿ ದೂರದೂರದವರು. ಹೀಗ್ಯಾಕೆ? ಹಗಲಲ್ಲಿ ಬಿಸಿಲಿನಿಂದಾಗಿ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ 'ಡಿ' ಅನ್ನುವ ಪದರ ಹುಟ್ಟಿಕೊಂಡು ಈ ಸಿಗ್ನಲ್‌ಗಳನ್ನು ಹೀರುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗುತ್ತದೆ. ಆಗ ಸಿಗ್ನಲ್ ಇನ್ನೂ ಮೇಲಿನ 'ಎಫ್' ಪದರದವರೆಗೆ ಹೋಗಿ, ಬಾಗಿ, ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಇದನ್ನು ಮೊದಲೇ ಪಾಠ ಮಾಡಬೇಡಿ. ಪಟ್ಟಿ ಬರೆದಾದ ಮೇಲೆ ಅವರೇ ಬಂದು ಕೇಳುತ್ತಾರೆ.

ಅಳತೆ ಟೇಪಿನ ಆಂಟೆನಾ

ಎರಡನೇ ವಾರ ಕೈಗೆ ಕೆಲಸ. ಹಳೆಯ ಸ್ಟೀಲ್ ಅಳತೆ ಟೇಪು, ಒಂದು ಗೇಣು ಪಿವಿಸಿ ಪೈಪು, ಎರಡು ಮೀಟರ್ ಕೋಆಕ್ಸಿಯಲ್ ಕೇಬಲ್, ಸೋಲ್ಡರಿಂಗ್ ಕಡ್ಡಿ. ಗುರಿ 145.800 ಮೆಗಾಹರ್ಟ್ಸ್, ಅಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಭೂಮಿಯ ಹ್ಯಾಮ್‌ಗಳಿಗೆ ಮಾತು, ಚಿತ್ರ ಕಳಿಸುವ ಫ್ರೀಕ್ವೆನ್ಸಿ.

ಲೆಕ್ಕ ಮಗುವೇ ಮಾಡಲಿ. 300 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ: 2.06. ಅದರಲ್ಲಿ ಅರ್ಧ, 1.03. ಲೋಹದ ಪಟ್ಟಿಗೆ ಸುಮಾರು ಶೇ. 5 ಕಡಿಮೆ ಮಾಡಿ. 98 ಸೆಂಟಿಮೀಟರ್. ಎರಡು ತೋಳು, ಒಂದೊಂದು 49. ಇನ್ನೊಂದು ಮಜಾ ಏನೆಂದರೆ, ಕತ್ತರಿಸಬೇಕಾದ ಅಳತೆ ಟೇಪಿನ ಮೇಲೇ ಬರೆದಿರುತ್ತದೆ!

ಕತ್ತರಿಸಿದ ತಕ್ಷಣ ಮೂಲೆಗಳನ್ನು ಗುಂಡಗೆ ಮಾಡಿ ಇನ್ಸುಲೇಷನ್ ಟೇಪ್ ಸುತ್ತಿ. ನಾನು 'ಆಮೇಲೆ ಮಾಡಿದ್ರಾಯ್ತು' ಅಂದುಕೊಂಡು ಹೆಬ್ಬೆರಳು ಕೊಯ್ದುಕೊಂಡಿದ್ದೇನೆ. ಆಮೇಲೆ ಪ್ರತಿ ತುಂಡಿನ ಒಂದು ತುದಿಯಲ್ಲಿ ಒಂದು ಇಂಚು ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ. ಬರೀ ಹಳದಿ ಹೋದರೆ ಸಾಲದು, ಲೋಹ ಮಿಂಚಬೇಕು. ಅಲ್ಲಿ ಫ್ಲಕ್ಸ್ ಹಚ್ಚಿ, ಕಡ್ಡಿಯನ್ನು ಚೆನ್ನಾಗಿ ಕಾಯಿಸಿ, ಪಾತ್ರೆಗೆ ಕಲಾಯಿ ಹಾಕಿದ ಹಾಗೆ ಸೋಲ್ಡರನ್ನು ತೆಳುವಾಗಿ ಹರಡಿ. ಉಂಡೆ ಉಂಡೆಯಾಗಿ ನಿಂತು, ಉಗುರಲ್ಲಿ ಎಬ್ಬಿದರೆ ಕಿತ್ತು ಬಂದರೆ ಟೇಪು ಕಾದಿಲ್ಲ ಅಂತ ಅರ್ಥ. ಮತ್ತೆ ಮಾಡಿ.

ಎರಡೂ ತುಂಡುಗಳನ್ನು ಪೈಪಿನ ಮೇಲೆ, ಕಲಾಯಿ ಹಾಕಿದ ತುದಿಗಳ ನಡುವೆ ಎರಡು ಸೆಂಟಿಮೀಟರ್ ಜಾಗ ಬಿಟ್ಟು ಬಿಗಿದು ಕಟ್ಟಿ. ತೋಳುಗಳು ಒಂದು ಅಗಲವಾದ 'ವಿ' ಆಕಾರಕ್ಕೆ ಬರಲಿ, ಸುಮಾರು 120 ಡಿಗ್ರಿ. ಕೇಬಲ್‌ನ ನಡುವಿನ ತಂತಿ ಒಂದು ತೋಳಿಗೆ, ಸುತ್ತಲಿನ ಜಾಲರಿ ಇನ್ನೊಂದಕ್ಕೆ. ನಮ್ಮ ಹುಡುಗನ ಆಂಟೆನಾ ಮೊದಲು ಮೂಕವಾಗಿತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡ. ಕೊನೆಗೆ ಮಲ್ಟಿಮೀಟರ್ ಇಟ್ಟರೆ 'ಪೀಂ' ಅಂತು. ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿತ್ತು. ನನಗೆ ಮೊದಲೇ ಕಂಡಿತ್ತು, ಆದರೂ ಬಾಯಿ ಬಿಡಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ.

ಕೇಳಲು ಕೈಯಲ್ಲಿ ಹಿಡಿಯುವ, ಈ ಫ್ರೀಕ್ವೆನ್ಸಿಯ ವಿಎಚ್‌ಎಫ್ ರೇಡಿಯೊ ಸೆಟ್ ಆಗುತ್ತದೆ. ಇಲ್ಲವೆಂದರೆ ಕಂಪ್ಯೂಟರಿಗೆ ಚುಚ್ಚುವ ಆರ್‌ಟಿಎಲ್-ಎಸ್‌ಡಿಆರ್ ಎಂಬ ಪುಟ್ಟ ಯುಎಸ್‌ಬಿ ಡಾಂಗಲ್ (ಇದು ಬೇರೆ ಯುಎಸ್‌ಬಿ, ಆಗ ಹೇಳಿದ್ದು ಅಪ್ಪರ್ ಸೈಡ್‌ಬ್ಯಾಂಡ್. ಹೆಸರಿಟ್ಟವರನ್ನು ಬೈದುಕೊಳ್ಳಿ). ಇದು ಟಿವಿ ನೋಡಲು ತಯಾರಾದ ಸಾಮಾನು. ಸುಮಾರು 24ರಿಂದ 1,700 ಮೆಗಾಹರ್ಟ್ಸ್‌ವರೆಗೆ ಏನು ಬೇಕಾದರೂ ಇದರಲ್ಲಿ ಕೇಳಬಹುದು ಅಂತ 2012ರ ಹೊತ್ತಿಗೆ ಹವ್ಯಾಸಿಗಳು ಕಂಡುಕೊಂಡರು. ನನ್ನ ಪ್ರಕಾರ ಮಕ್ಕಳನ್ನು ರೇಡಿಯೊ ಕಡೆಗೆ ಎಳೆಯುವುದರಲ್ಲಿ ನಮ್ಮ ಭಾಷಣಗಳಿಗಿಂತ ಈ ಡಾಂಗಲ್‌ನ ಪಾಲೇ ದೊಡ್ಡದು. ಕೇಳುವುದಕ್ಕೆ ಎಷ್ಟೋ ಕಡೆ ಲೈಸೆನ್ಸ್ ಬೇಡ, ಆದರೂ ನಿಮ್ಮ ದೇಶದ ನಿಯಮ ಒಮ್ಮೆ ನೋಡಿಕೊಳ್ಳಿ. ಸೆಟ್ ಬಳಸುವುದಾದರೆ ಮಾತಾಡುವ ಬಟನ್ ಮಾತ್ರ ಮುಟ್ಟಬೇಡಿ, ಮಾತಾಡಲು ಲೈಸೆನ್ಸ್ ಬೇಕು. ವಿದ್ಯುತ್ ತಂತಿ ಇರುವ ಕಡೆ ಆಂಟೆನಾ ಎತ್ತಲೇಬೇಡಿ.

ಹತ್ತು ನಿಮಿಷದ ಬೇಟೆ

ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಹೋಗುತ್ತಿರುತ್ತದೆ. ಭೂಮಿಗೆ ಒಂದು ಸುತ್ತು ಹಾಕಲು ಒಂದೂವರೆ ಗಂಟೆ. ನಿಮ್ಮ ತಲೆ ಮೇಲಿಂದ ಹಾದುಹೋಗಲು ಹೆಚ್ಚೆಂದರೆ ಸುಮಾರು ಹತ್ತು ನಿಮಿಷ. ಯಾವಾಗ, ಯಾವ ದಿಕ್ಕಿನಿಂದ ಬರುತ್ತದೆ ಅನ್ನುವುದನ್ನು ಯಾವುದಾದರೂ ಉಪಗ್ರಹ ಟ್ರ್ಯಾಕಿಂಗ್ ಆ್ಯಪ್ ಹೇಳುತ್ತದೆ.

ಒಂದು ಎಚ್ಚರಿಕೆ. ಅಲ್ಲಿಂದ ಸದಾ ಮಾತು ಕೇಳಿಸುವುದಿಲ್ಲ. ಶಾಲೆಗಳ ಮಕ್ಕಳ ಜೊತೆ ಗಗನಯಾತ್ರಿಗಳು ಮಾತಾಡುವ ದಿನ, ಇಲ್ಲವೇ ಚಿತ್ರ ಕಳಿಸುವ ದಿನ ಮಾತ್ರ 145.800 ಜೀವಂತ. ವೇಳಾಪಟ್ಟಿಯನ್ನು ಎಆರ್‌ಐಎಸ್‌ಎಸ್ ಎಂಬ ಹ್ಯಾಮ್‌ಗಳ ಸಂಸ್ಥೆ ಮುಂಚೆಯೇ ಪ್ರಕಟಿಸುತ್ತದೆ. ಉಳಿದ ದಿನ 145.825 ಕೇಳಿ ನೋಡಿ. ಅಲ್ಲಿ 'ಬ್ರ್ರಾಪ್, ಬ್ರ್ರಾಪ್' ಅನ್ನುವ ಡೇಟಾ ಸದ್ದು ಬರಬಹುದು.

ನಾವು ಕಾದಿದ್ದು ಚಿತ್ರದ ದಿನಕ್ಕೆ. ತಾರಸಿ ಮೇಲೆ ಕತ್ತಲು. ಅವನ ಒಂದು ಕೈಯಲ್ಲಿ ಆಂಟೆನಾ, ಸೆಟ್ಟಿನ ಸ್ಪೀಕರಿಗೆ ಆನಿಸಿ ಫೋನ್, ಫೋನಿನಲ್ಲಿ ಸದ್ದನ್ನು ಚಿತ್ರ ಮಾಡುವ ರೋಬೋಟ್36 ಎಂಬ ಆ್ಯಪ್. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಗದ್ದಲವನ್ನು ತಡೆಯುವ ಬಾಗಿಲು) ಪೂರ್ತಿ ತೆರೆದಿದ್ದೆವು, ಹಾಗಾಗಿ ಒಂದೇ ಸಮ 'ಶ್ಶ್ಶ್'. ಎಫ್‌ಎಂನಲ್ಲಿ ಸಿಗ್ನಲ್ ಬರುವುದು ಸದ್ದಾಗಿ ಅಲ್ಲ, ಮೌನವಾಗಿ. ಆ 'ಶ್ಶ್ಶ್' ಮೆಲ್ಲಗೆ ತೆಳುವಾಯಿತು, ನಿಂತಿತು, ಅದರೊಳಗಿಂದ ಹಕ್ಕಿ ಉಲಿದಂತೆ ಒಂದು ಸ್ವರ ಎದ್ದಿತು. ಫೋನಿನಲ್ಲಿ ಮೇಲಿನಿಂದ ಒಂದೊಂದೇ ಗೆರೆ. ಒಂದು ಚಿತ್ರಕ್ಕೆ ಎರಡು ನಿಮಿಷ.

ನಡುವೆ ಚಿತ್ರ ಮಸುಕಾಯಿತು. ನಿಲ್ದಾಣ ಸರಿದಂತೆ ಅಲೆ ಬರುವ ಓರೆ ಬದಲಾಗುತ್ತದೆ. ಆಗ ಮಣಿಕಟ್ಟು ತಿರುಗಿಸಿ ಆಂಟೆನಾವನ್ನೂ ಓರೆ ಮಾಡಬೇಕು. ನಾನು ತಡೆಯಲಾರದೆ ಕೈ ಚಾಚಿದೆ. "ಬಿಡಿ ಚಿಕ್ಕಮ್ಮಾ, ನಾನೇ ಮಾಡ್ತೀನಿ" ಅಂತ ಮೊಣಕೈಯಲ್ಲಿ ದೂಡಿದ. ತಿರುಗಿಸಿದ. ಗೆರೆಗಳು ಮತ್ತೆ ಸ್ವಚ್ಛವಾದವು. ವೇಗದಿಂದಾಗಿ ಫ್ರೀಕ್ವೆನ್ಸಿ ಬರುವಾಗ 3 ಕಿಲೋಹರ್ಟ್ಸ್‌ನಷ್ಟು ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಇರುತ್ತದೆ. ಎಫ್‌ಎಂ ಸೆಟ್ ಇದನ್ನು ಸಹಿಸಿಕೊಳ್ಳುತ್ತದೆ, ತಿರುಗಿಸಲೇಬೇಕು ಅಂತಿಲ್ಲ. ನಮಗೆ ಸಿಕ್ಕಿದ್ದು ಅರ್ಧ ಚಿತ್ರ, ಉಳಿದರ್ಧ ಬರೀ ಚುಕ್ಕಿ. ಅವನು ಆ ಅರ್ಧವನ್ನೇ ವಾಲ್‌ಪೇಪರ್ ಮಾಡಿಕೊಂಡ.

"ಇದು ಇಂಟರ್ನೆಟ್‌ನಿಂದ ಬರ್ಲಿಲ್ಲ ಅಲ್ವಾ?" ಅಂದ.

"ಇಲ್ಲ ಕಣೋ. ನಿನ್ನ ಟೇಪಿಂದ ಬಂತು."

ಲೈಸೆನ್ಸ್, ಆಮೇಲೆ ಮೈಕು

ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದಿಷ್ಟು ವಿದ್ಯುತ್ ಪಾಠ, ಒಂದಿಷ್ಟು ನಿಯಮ. ಆಂಟೆನಾ ಕಟ್ಟಿದ ಮಗುವಿಗೆ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ. ವಯಸ್ಸಿನ ಮಿತಿ ಕೆಲವು ದೇಶಗಳಲ್ಲಿ ಇಲ್ಲವೇ ಇಲ್ಲ, ಕೆಲವೆಡೆ 12 ತುಂಬಿರಬೇಕು. ಮೋರ್ಸ್ ಕಡ್ಡಾಯ ಎಂಬ ಅಂತರರಾಷ್ಟ್ರೀಯ ನಿಯಮ 2003ರಲ್ಲೇ ಹೋಯಿತು, ಈಗ ಅದು ಆಯಾ ದೇಶಕ್ಕೆ ಬಿಟ್ಟದ್ದು. ತಮಾಷೆ ಅಂದರೆ, ಬಲವಂತ ಇಲ್ಲದ ಕಡೆ ಹುಡುಗರು ತಾವಾಗೇ ಕಲಿಯುತ್ತಾರೆ. ಗುಟ್ಟಿನ ಭಾಷೆ ಯಾರಿಗೆ ಬೇಡ?

ಮೊದಲ ಕರೆಯ ದಿನ ನನ್ನ ಗತಿ ಕೇಳಿ. ರಿಪೀಟರ್ (ನಮ್ಮ ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಬಿಡುವ ಸ್ಟೇಷನ್) ಮೇಲೆ ಬಟನ್ ಒತ್ತಿದವಳೇ ಉಸಿರು ಬಿಡದೆ ಕಾಲ್‌ಸೈನ್ ಹೇಳಿದೆ. ಆ ಕಡೆಯಿಂದ "ಬರೀ ಬಾಲ ಕೇಳಿಸ್ತು, ತಲೆ ಎಲ್ಲಿ?" ಅಂತ ಬಂತು. ರಿಪೀಟರ್ ಎಚ್ಚರಗೊಳ್ಳಲು ಕ್ಷಣ ಬೇಕು. ಒತ್ತಿ, ಮನಸ್ಸಲ್ಲೇ 'ಒಂದು' ಎಣಿಸಿ, ಆಮೇಲೆ ಮಾತಾಡಿ. ಕಾಲ್‌ಸೈನ್ ದೊಡ್ಡಕ್ಷರದಲ್ಲಿ ಬರೆದು ಕಣ್ಣೆದುರು ಅಂಟಿಸಿಕೊಳ್ಳಿ. ಗಾಬರಿಯಲ್ಲಿ ಸ್ವಂತ ಹೆಸರೇ ಮರೆಯುತ್ತದೆ, ಇನ್ನು ಕಾಲ್‌ಸೈನ್ ಯಾವ ಲೆಕ್ಕ! ಅಕ್ಷರಗಳನ್ನು ಬಿಡಿಸಿ ಹೇಳುವುದನ್ನು ರೂಢಿ ಮಾಡಿ. ಬಾಹ್ಯಾಕಾಶ ನಿಲ್ದಾಣದ ಎನ್‌ಎ1ಎಸ್‌ಎಸ್ ಹೇಗೆಂದರೆ, 'ನವೆಂಬರ್ ಆಲ್ಫಾ ಒನ್ ಸಿಯೆರಾ ಸಿಯೆರಾ'. ಸಿಗ್ನಲ್ ಹೇಗಿದೆ ಅಂತ ಹೇಳಿ, ಹೆಸರು ಹೇಳಿ, 'ಸೆವೆಂಟಿ ತ್ರೀ' ಅಂದು ಮುಗಿಸಿ. ಅದು ನಮ್ಮಲ್ಲಿ ಶುಭಾಶಯ.

ಮಾತೇ ಬೇಡ ಅನ್ನುವ ಸಂಕೋಚದ ಮಕ್ಕಳಿಗೆ, ಕಂಪ್ಯೂಟರಿನ ಮೂಲಕ ರೇಡಿಯೊದಲ್ಲಿ ಪುಟ್ಟ ಸಂದೇಶ ಕಳಿಸುವ ಎಫ್‌ಟಿ8 ಇದೆ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರಾಂಕೆ ಅವರ ಜೊತೆ ಸೇರಿ ಇದನ್ನು 2017ರಲ್ಲಿ ಬಿಟ್ಟರು. ಹೆಸರು ಬಂದದ್ದು ಇಬ್ಬರ ಮನೆತನದ ಹೆಸರಿನ ಮೊದಲಕ್ಷರ, ಜೊತೆಗೆ ಎಂಟು ಸ್ವರದಿಂದ. 15 ಸೆಕೆಂಡ್ ನಿಮ್ಮ ಸರದಿ, 15 ಸೆಕೆಂಡ್ ಅವರದು. ಕಿವಿಗೆ ಏನೂ ಕೇಳದಿದ್ದರೂ ಕಂಪ್ಯೂಟರ್ ಗದ್ದಲದೊಳಗಿಂದ ಹೆಕ್ಕಿ ತೆಗೆಯುತ್ತದೆ. ನಿಮ್ಮ ಸಿಗ್ನಲ್ ಎಲ್ಲೆಲ್ಲಿ ಕೇಳಿಸಿತು ಅಂತ ಪಿಎಸ್‌ಕೆ ರಿಪೋರ್ಟರ್ ನಕ್ಷೆಯಲ್ಲಿ ಚುಕ್ಕಿಗಳು ಏಳುತ್ತವೆ. "ಇದೂ ಒಂದು ರೇಡಿಯೊನಾ?" ಅಂತ ಮೂಗು ಮುರಿಯುವ ಹಿರಿಯರಿದ್ದಾರೆ. ನಾನೂ ಮುರಿದಿದ್ದೆ. ನಕ್ಷೆಯಲ್ಲಿ ಸಮುದ್ರದಾಚೆ ಒಂದು ಚುಕ್ಕಿ ಹೊತ್ತಿದಾಗ ಹುಡುಗ ಕುರ್ಚಿಯಿಂದ ಎದ್ದ ರಭಸ ನೋಡಿ ಸುಮ್ಮನಾದೆ.

ಕೂತಲ್ಲಿ ಕೂರದ ಮಕ್ಕಳಿಗೆ ನರಿಬೇಟೆ. ಒಂದು ಪುಟ್ಟ ಟ್ರಾನ್ಸ್‌ಮಿಟರ್ ಬಚ್ಚಿಟ್ಟು ಹುಡುಕಿಸುವುದು. ಸೆಟ್ಟನ್ನು ಎದೆಗೊತ್ತಿಕೊಂಡು ನಿಂತಲ್ಲೇ ಸುತ್ತಿ. ಎಲ್ಲಿ ಸಿಗ್ನಲ್ ತೀರಾ ಕುಗ್ಗುತ್ತದೋ, ಆಗ ನರಿ ನಿಮ್ಮ ಬೆನ್ನ ಹಿಂದಿದೆ. ನಿಮ್ಮ ಮೈಯೇ ಅಡ್ಡ ಬಂದಿರುತ್ತದೆ. ತಮ್ಮ ವಯಸ್ಸಿನವರ ಜೊತೆಯೇ ಬೇಕು ಅನ್ನುವವರು ಡಿಸೆಂಬರ್‌ನಲ್ಲಿ ಕಾಲ್‌ಸೈನ್ ಕೊನೆಗೆ 'ವೈಓಟಿಎ' ಇರುವ ಸ್ಟೇಷನ್ ಹುಡುಕಲಿ. ಅಂದರೆ 'ಯಂಗ್‌ಸ್ಟರ್ಸ್ ಆನ್ ದಿ ಏರ್', ಅಲ್ಲಿ ಕೂತವರು ಎಳೆಯರೇ.

ದೊಡ್ಡವರಿಗೆ ಒಂದೇ ಮಾತು. 'ನಮ್ಮ ಕಾಲದಲ್ಲಿ' ಅಂತ ಶುರುವಾಗುವ ವಾಕ್ಯವನ್ನು ನುಂಗಿಕೊಳ್ಳಿ. ಮಗು ಗಾಳಿಯಲ್ಲಿ ತಪ್ಪು ಮಾತಾಡಿದರೆ ಅಲ್ಲೇ ತಿದ್ದಬೇಡಿ, ಎಲ್ಲರೂ ಕೇಳುತ್ತಿರುತ್ತಾರೆ. ಮನೆಗೆ ಹೋದ ಮೇಲೆ ಹೇಳಿ.

ಕೊನೆಗೆ ಲಾಗ್. ಕಾಗದದ ಪುಸ್ತಕವೇ ಇರಲಿ: ದಿನಾಂಕ, ಯುಟಿಸಿ (ಜಗತ್ತಿಗೆಲ್ಲ ಒಂದೇ ಗಡಿಯಾರದ) ಸಮಯ, ಫ್ರೀಕ್ವೆನ್ಸಿ, ಮೋಡ್, ಕಾಲ್‌ಸೈನ್, ಷರಾ. ಬರೀ ಕೇಳಿದ್ದನ್ನೂ ಬರೆಯಬಹುದು. ನಮ್ಮ ಹುಡುಗನ ಪುಸ್ತಕದ ಮೊದಲ ಸಾಲಿನಲ್ಲಿ 145.800, ಎಫ್‌ಎಂ, ಚಿತ್ರ ಅರ್ಧ ಅಂತಿದೆ. ಷರಾ ಕಲಮಿನಲ್ಲಿ: 'ಚಿಕ್ಕಮ್ಮ ಆಂಟೆನಾ ಕಿತ್ಕೊಳ್ಳೋಕೆ ಬಂದ್ರು, ಕೊಡ್ಲಿಲ್ಲ.'