ಪೋಸ್ಟ್‌ಡಾಕ್ ಹುಡುಕುತ್ತಿದ್ದೀರಾ? ಮೊದಲು ಕ್ಯಾಲೆಂಡರ್ ನೋಡಿ

ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಆದಮೇಲೆ ಕೆಲವು ವರ್ಷ ಮಾಡುವ ಸಂಶೋಧನೆಯ ಕೆಲಸ. ಥೀಸಿಸ್ ಸಬ್ಮಿಟ್ ಆಗಲಿ, ಆಮೇಲೆ ನೋಡೋಣ ಅಂತ ಕೂತರೆ ಕೆಲವು ವಿಷಯಗಳಲ್ಲಿ ಇಡೀ ಒಂದು ವರ್ಷ ಕೈತಪ್ಪುತ್ತದೆ. ಪಿಎಚ್‌ಡಿ ಮುಗಿಯಲು ವರ್ಷ ಇರುವಾಗಲೇ ಶುರು ಮಾಡಿ.

ಗಣಿತ, ಖಗೋಳ ವಿಜ್ಞಾನ, ಥಿಯರಿ ಫಿಸಿಕ್ಸ್‌ನವರಿಗೆ ಸೀಸನ್ ಅಂತಲೇ ಒಂದಿದೆ. ಹೆಚ್ಚಿನ ಡೆಡ್‌ಲೈನ್‌ಗಳು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಬರುತ್ತವೆ, ಕೆಲಸಕ್ಕೆ ಸೇರುವುದು ಮಾತ್ರ ಮುಂದಿನ ವರ್ಷ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ. ಜಾಹೀರಾತಿಗೆ ವೆಬ್‌ಸೈಟ್‌ಗಳಿವೆ: ಗಣಿತಕ್ಕೆ ಮ್ಯಾಥ್‌ಜಾಬ್ಸ್, ಖಗೋಳಕ್ಕೆ ಎಎಎಸ್ (ಅಮೆರಿಕನ್ ಆಸ್ಟ್ರನಾಮಿಕಲ್ ಸೊಸೈಟಿ) ಜಾಬ್ ರಿಜಿಸ್ಟರ್, ಹೈ ಎನರ್ಜಿ ಫಿಸಿಕ್ಸ್‌ಗೆ ಇನ್‌ಸ್ಪೈರ್-ಎಚ್‌ಇಪಿ ನೋಡಿ. ಖಗೋಳದಲ್ಲಿ ಆಫರ್‌ಗೆ ಫೆಬ್ರವರಿ 15ಕ್ಕೆ ಮುಂಚೆ ಉತ್ತರ ಕೊಡಿ ಅಂತ ಒತ್ತಾಯಿಸಬಾರದು ಎನ್ನುವ ಒಪ್ಪಂದವಿದೆ. ಯಾರಾದರೂ ಜನವರಿಯಲ್ಲೇ ಅವಸರ ಮಾಡಿದರೆ ಆ ತಾರೀಖನ್ನು ನಯವಾಗಿ ನೆನಪಿಸಿ.

ಬಯಾಲಜಿ, ಕೆಮಿಸ್ಟ್ರಿ, ಮೆಟೀರಿಯಲ್ಸ್ ಕಡೆ ಹೀಗಿಲ್ಲ. ಪ್ರೊಫೆಸರ್‌ಗೆ ಗ್ರಾಂಟ್ ಬಂದಾಗ ಜಾಗ ಹುಟ್ಟುತ್ತದೆ, ಎಷ್ಟೋ ಸಲ ಜಾಹೀರಾತು ಬರುವ ಮುಂಚೆಯೇ ತುಂಬಿಯೂ ಬಿಡುತ್ತದೆ. ಇಲ್ಲಿ ನಿಮ್ಮ ಇಮೇಲೇ ಅರ್ಜಿ. ‘ರೆಸ್ಪೆಕ್ಟೆಡ್ ಸರ್, ತಮ್ಮ ಪ್ರತಿಷ್ಠಿತ ಲ್ಯಾಬ್‌ನಲ್ಲಿ...’ ಅಂತ ಐವತ್ತು ಜನಕ್ಕೆ ಸುಮ್ನೆ ಒಂದೇ ಮೇಲ್ ಕಳಿಸಿದರೆ ಯಾರು ಓದುತ್ತಾರೆ? ಸಬ್ಜೆಕ್ಟ್ ಲೈನ್‌ನಲ್ಲೇ ‘ಪೋಸ್ಟ್‌ಡಾಕ್, ಕ್ರಯೋ-ಇಎಂ, ಜೂನ್‌ನಿಂದ ಸೇರಬಲ್ಲೆ’ ಅಂತ ಹಾಕಿ, ಕ್ರಯೋ-ಇಎಂ (ಒಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ತಂತ್ರ) ಜಾಗದಲ್ಲಿ ನಿಮ್ಮ ತಂತ್ರ ಬರಲಿ. ಒಳಗೆ ಮೊದಲು ನೀವು ಯಾರು, ಯಾರ ಲ್ಯಾಬ್. ಆಮೇಲೆ ನೀವು ಕಂಡುಕೊಂಡದ್ದು ಒಂದೇ ವಾಕ್ಯದಲ್ಲಿ. ‘ಅಯಾನ್ ಚಾನೆಲ್‌ಗಳ ಮೇಲೆ ಕೆಲಸ ಮಾಡಿದ್ದೇನೆ’ ಅಂದರೆ ಏನೂ ಹೇಳಿದಂತಾಗಲಿಲ್ಲ, ‘ಈ ಚಾನೆಲ್ ಮುಚ್ಚಿದಾಗ ಹೇಗಿರುತ್ತದೆ ಎನ್ನುವ ರಚನೆ ಬಿಡಿಸಿದೆ’ ಅಂದರೆ ಓದುವವರು ಮುಂದಿನ ಸಾಲಿಗೆ ಬರುತ್ತಾರೆ. ಅವರ ಇತ್ತೀಚಿನ ಪೇಪರ್ ಒಂದನ್ನು ನಿಜವಾಗಿಯೂ ಓದಿ, ಅಲ್ಲಿಂದ ನೀವು ಹಿಡಿಯಬೇಕೆಂದಿರುವ ಪ್ರಶ್ನೆ ಬರೆಯಿರಿ. ಸಿವಿ ಜೊತೆಗಿರಲಿ. ಎರಡು ವಾರ ಉತ್ತರ ಬರದಿದ್ದರೆ ಒಂದೇ ಒಂದು ರಿಮೈಂಡರ್, ಅಷ್ಟೇ.

‘ಫೆಲೋಶಿಪ್‌ಗೆ ನಾನೇ ಬರೆಯುತ್ತೇನೆ, ನೀವು ಹೋಸ್ಟ್ ಆಗುತ್ತೀರಾ?’ ಅಂತ ಕೇಳಿದರೆ ಉತ್ತರ ಬರುವ ಸಾಧ್ಯತೆ ಜಾಸ್ತಿ, ಯಾಕಂದರೆ ಅವರ ಜೇಬಿಗೆ ಕೈಹಾಕುತ್ತಿಲ್ಲ ಅಲ್ವಾ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ವರ್ಷದ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು, ಆದರೆ ಪಿಎಚ್‌ಡಿ ಆಗಿ 4 ವರ್ಷ ದಾಟಿರಬಾರದು. ಜೀವವಿಜ್ಞಾನದವರಿಗಿರುವ ಯುರೋಪಿನ ಎಂಬೊ (EMBO) ಫೆಲೋಶಿಪ್‌ಗೆ 2 ವರ್ಷವೇ ಮಿತಿ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ನ ಡೆಡ್‌ಲೈನ್ ಸಾಮಾನ್ಯವಾಗಿ ಸೆಪ್ಟೆಂಬರ್. ನೀವು ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು, ಹಾಗಾಗಿ ಫ್ರಾನ್ಸ್‌ನಲ್ಲಿ ಪಿಎಚ್‌ಡಿ ಮುಗಿಸಿದ ತಕ್ಷಣ ಫ್ರಾನ್ಸ್‌ಗೇ ಕೇಳಲಾಗುವುದಿಲ್ಲ.

ಊರು ಬಿಡಲು ಮನಸ್ಸಿಲ್ಲದವರಿಗೆ ಬೆಂಗಳೂರಿನಲ್ಲೇ ಐಐಎಸ್‌ಸಿಯ ಸಿ.ವಿ. ರಾಮನ್ ಪೋಸ್ಟ್‌ಡಾಕ್ ಇದೆ. ಎನ್‌ಸಿಬಿಎಸ್ (ಜೀವವಿಜ್ಞಾನ), ಜವಾಹರಲಾಲ್ ನೆಹರು ಸೆಂಟರ್, ರಾಮನ್ ಸಂಶೋಧನಾ ಸಂಸ್ಥೆ, ಐಸಿಟಿಎಸ್ (ಥಿಯರಿ) ಪುಟಗಳನ್ನೂ ಆಗಾಗ ನೋಡುತ್ತಿರಿ. ಮೊದಲು ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಎಸ್‌ಇಆರ್‌ಬಿ ಕೊಡುತ್ತಿದ್ದ ನ್ಯಾಷನಲ್ ಪೋಸ್ಟ್‌ಡಾಕ್ ಫೆಲೋಶಿಪ್ ಈಗ ಅದರ ಜಾಗಕ್ಕೆ ಬಂದ ಎಎನ್‌ಆರ್‌ಎಫ್ ಕೈಯಲ್ಲಿದೆ, ಅದಕ್ಕೆ ವಯಸ್ಸಿನ ಮಿತಿಯೂ ಇದೆ. ಇಲ್ಲಿ ಒಪ್ಪುವ ಮುಂಚೆ ಸ್ಟೈಪೆಂಡ್ ಪ್ರತಿ ತಿಂಗಳು ಬರುತ್ತದಾ, ಇಲ್ಲ ಆರು ತಿಂಗಳಿಗೊಮ್ಮೆಯಾ ಅಂತ ಅಲ್ಲಿ ಈಗ ಇರುವವರನ್ನೇ ಕೇಳಿ, ನಾಚಿಕೆ ಬೇಡ.

ಅಮೆರಿಕದ ಆಫರ್ ಆದರೆ ಜೆ-1 ವೀಸಾದ (ಪೋಸ್ಟ್‌ಡಾಕ್‌ಗಳಿಗೆ ಸಾಮಾನ್ಯವಾಗಿ ಸಿಗುವ ವಿನಿಮಯ ವೀಸಾ) ಎರಡು ವರ್ಷ ಸ್ವದೇಶಕ್ಕೆ ಮರಳುವ ಷರತ್ತು ನಿಮಗೆ ಅನ್ವಯಿಸುತ್ತದಾ ನೋಡಿಕೊಳ್ಳಿ. ಎಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್ ಎರಡಕ್ಕೂ ಅದು ಅಡ್ಡ ಬರುತ್ತದೆ. ಆಫರ್ ಎಲ್ಲಿಯದೇ ಆಗಲಿ, ಆ ಲ್ಯಾಬ್ ಬಿಟ್ಟುಹೋದ ಇಬ್ಬರು ಪೋಸ್ಟ್‌ಡಾಕ್‌ಗಳಿಗೆ ಮೇಲ್ ಹಾಕಿ ಒಂದೇ ಪ್ರಶ್ನೆ ಕೇಳಿ: ಹೋಗುವಾಗ ನಿಮ್ಮ ಪ್ರಾಜೆಕ್ಟ್ ಜೊತೆಗೆ ಒಯ್ಯಲು ಪ್ರೊಫೆಸರ್ ಬಿಟ್ಟರಾ?