ಮಲಬದ್ಧತೆಯೋ, ಕರುಳಿನ ಅಡಚಣೆಯೋ: ಗುರುತಿಸುವುದು ಹೇಗೆ?

ಎರಡು ದಿನ ಮಲವಿಸರ್ಜನೆಯಾಗದಿದ್ದರೆ ಭೇದಿ ಮಾತ್ರೆ ನುಂಗುವುದು ಹಲವರ ರೂಢಿ. ಆದರೆ ಕರುಳಿನ ದಾರಿಯೇ ಕಟ್ಟಿಕೊಂಡಿದ್ದರೆ, ಮಾತ್ರೆಯ ಒತ್ತಡಕ್ಕೆ ಕರುಳು ತೂತಾಗುವ ಅಪಾಯವಿದೆ.

ಹಾಗಾಗಿ ಮೊದಲು ಗಮನಿಸಬೇಕಾದದ್ದು, ಗ್ಯಾಸ್ ಹೋಗುತ್ತಿದೆಯೇ ಎಂಬುದನ್ನು. ಸಾಮಾನ್ಯ ಮಲಬದ್ಧತೆಯಲ್ಲಿ ಮಲ ತಡವಾದರೂ ಗ್ಯಾಸ್ ಹೋಗುತ್ತಿರುತ್ತದೆ. ಕರುಳು ಪೂರ್ತಿ ಕಟ್ಟಿಕೊಂಡಾಗ ಎರಡೂ ನಿಲ್ಲುತ್ತವೆ. ತಡೆಯ ಕೆಳಭಾಗದಲ್ಲಿ ಮೊದಲೇ ಇದ್ದ ಮಲ ಆರಂಭದಲ್ಲಿ ಒಂದೆರಡು ಸಲ ಹೊರಬರಬಹುದು, ಅದನ್ನು ಕಂಡು ಸಮಾಧಾನಪಟ್ಟು ಕೂರಬಾರದು.

ಅನಂತರ ನೋವಿನ ರೀತಿಯನ್ನು ನೋಡಿ. ತಡೆಯನ್ನು ದಾಟಲು ಕರುಳು ಹಿಂಡಿಕೊಳ್ಳುವುದರಿಂದ ನೋವು ಅಲೆಯಂತೆ ಏರಿ, ಕೆಲ ನಿಮಿಷಗಳಲ್ಲಿ ಇಳಿದು, ಮತ್ತೆ ಏರುತ್ತದೆ. ಹೊಟ್ಟೆ ಉಬ್ಬುತ್ತದೆ. ಸಣ್ಣ ಕರುಳಿನಲ್ಲಿ ತಡೆಯಿದ್ದರೆ ವಾಂತಿ ಬೇಗ ಶುರುವಾಗಿ, ಮೊದಲು ತಿಂದದ್ದು, ಆಮೇಲೆ ಹಸಿರು ಪಿತ್ತ ಬರುತ್ತದೆ. ದೊಡ್ಡ ಕರುಳಿನಲ್ಲಿದ್ದರೆ ಉಬ್ಬರವೇ ಮುಂದಾಗಿ ವಾಂತಿ ತಡವಾಗುತ್ತದೆ. ಬಿಟ್ಟುಬಿಟ್ಟು ಬರುತ್ತಿದ್ದ ನೋವು ಬಿಡದೆ ಒಂದೇ ಸಮನೆ ಕಾಡತೊಡಗಿ, ಜ್ವರವೂ ವೇಗದ ನಾಡಿಯೂ ಜೊತೆಗೂಡಿದರೆ, ಕರುಳಿಗೆ ರಕ್ತ ಹರಿಯುವುದು ನಿಲ್ಲುತ್ತಿದೆ ಎಂದು ಶಂಕಿಸಬೇಕು. ಆಗ ಒಂದು ಗಂಟೆಯೂ ಅಮೂಲ್ಯ.

ಈ ಲಕ್ಷಣಗಳು ಕಂಡರೆ ಏನನ್ನೂ ತಿನ್ನದೆ, ಕುಡಿಯದೆ, ಎನಿಮಾವನ್ನೂ ತೆಗೆದುಕೊಳ್ಳದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಹಿಂದೆ ಆದ ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನು, ಅದು ಎಷ್ಟೇ ಹಳೆಯದಾಗಿರಲಿ, ವೈದ್ಯರಿಗೆ ಹೇಳಿ. ಆ ಶಸ್ತ್ರಚಿಕಿತ್ಸೆಯ ನಂತರ ಒಳಗೆ ಬೆಳೆದ ಅಂಟುಗಳೇ, ಅಂದರೆ ಕರುಳನ್ನು ಅಕ್ಕಪಕ್ಕಕ್ಕೆ ಅಂಟಿಸುವ ಗಾಯದ ಎಳೆಗಳೇ, ವಯಸ್ಕರ ಸಣ್ಣ ಕರುಳಿನ ಅಡಚಣೆಗೆ ಮುಖ್ಯ ಕಾರಣ. ತೊಡೆಸಂದಿನಲ್ಲಿ ಒಳಹೋಗದ ಗಂಟಿದ್ದರೆ ಸಂಕೋಚಪಡದೆ ತೋರಿಸಿ, ಹರ್ನಿಯಾದೊಳಗೆ ಕರುಳು ಸಿಕ್ಕಿಕೊಂಡಿರಬಹುದು. ಗಡ್ಡೆ ಮತ್ತು ಕರುಳಿನ ತಿರುಚುವಿಕೆ ದೊಡ್ಡ ಕರುಳಿನಲ್ಲಿ ಹೆಚ್ಚು. ಪುಟ್ಟ ಮಗು ಆಗಾಗ ಕಾಲು ಮಡಚಿಕೊಂಡು ಚೀರುತ್ತಾ, ಮಲದಲ್ಲಿ ರಕ್ತ ಬೆರೆತ ಲೋಳೆ ಕಂಡರೆ, ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡಿರಬಹುದು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಮಾಡಿ ತಡೆ ಎಲ್ಲಿದೆ ಎಂದು ನೋಡುತ್ತಾರೆ. ಉಬ್ಬಿದ ಕರುಳಿನಲ್ಲಿ ಲೀಟರ್‌ಗಟ್ಟಲೆ ನೀರು ನಿಂತು ದೇಹ ಒಣಗುವುದರಿಂದ ಡ್ರಿಪ್ ಹಾಕಿ, ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯ ಮೂಲಕ ಒಳಗಿನ ದ್ರವವನ್ನೂ ಗಾಳಿಯನ್ನೂ ಹೊರತೆಗೆಯುತ್ತಾರೆ. ನಳಿಕೆ ಇಳಿಸುವಾಗ ಕಿರಿಕಿರಿಯಾಗುವುದು ನಿಜ, ಆದರೆ ವಾಂತಿಗೂ ಉಬ್ಬರಕ್ಕೂ ಅದರಿಂದ ಬೇಗ ಆರಾಮ ಸಿಗುತ್ತದೆ. ಅಂಟುಗಳಿಂದಾದ ಅಡಚಣೆ ಹಲವರಲ್ಲಿ ಇಷ್ಟರಿಂದಲೇ ಬಿಡುತ್ತದೆ; ಬಿಡದಿದ್ದರೆ ಅಥವಾ ಕರುಳಿಗೆ ರಕ್ತ ನಿಂತಿದ್ದರೆ ಶಸ್ತ್ರಚಿಕಿತ್ಸೆ ಬೇಕು. ಮುಂದೆ ವೈದ್ಯರು ದಿನವೂ ಮಂಚದ ಬಳಿ ಬಂದು 'ಗ್ಯಾಸ್ ಹೋಯಿತೇ?' ಎಂದು ಕೇಳುತ್ತಾರೆ. ನಾಚದೆ ಉತ್ತರಿಸಿ, ಬಾಯಿಂದ ಆಹಾರ ಯಾವಾಗ ಕೊಡಬೇಕು ಎಂಬುದನ್ನು ಅವರು ತೀರ್ಮಾನಿಸಲು ಆ ಉತ್ತರ ನೆರವಾಗುತ್ತದೆ.